ಪದಚರ್ಚೆ: ‘ಗರಿಷ್ಠ ಮೆಮೊರಿ’ – ಯಾರು ಇಟ್ಟ ಗರಿಷ್ಠ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಇಟ್ಟುಕೊಳ್ಳುವ ಪುಟ್ಟ ಸರ್ವರ್‌ಗಳಿಗೆ ಮೆಮೊರಿ ಹೆಚ್ಚಿಸುವ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸರ್ವರ್, ಮೆಮೊರಿ, ಸ್ಲಾಟ್, ಬಯಾಸ್ (ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಇವೆಲ್ಲ ಓದುವವರ ಬಾಯಲ್ಲಿ ಇರುವ ಹಾಗೆಯೇ ಇರಲಿ. ಅವುಗಳಿಗೆ ಬದಲಿ ಹುಡುಕುವ ಯೋಚನೆ ನನಗಿಲ್ಲ. ತೊಡಕಾಗಿರುವುದು ಎಲ್ಲರಿಗೂ ಗೊತ್ತಿರುವ ಒಂದು ಪದ, ‘ಗರಿಷ್ಠ’.

ಯಂತ್ರದ ವಿವರಪಟ್ಟಿಯಲ್ಲಿ ‘ಗರಿಷ್ಠ ಮೆಮೊರಿ 8 ಜಿಬಿ’ ಎಂದು ಬರೆದಿರುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ಯಂತ್ರ ಓಡುವುದೇ ಇಲ್ಲ ಎಂದು ಓದಿದವರು ತಿಳಿಯುತ್ತಾರೆ. ಆದರೆ ಎಚ್‌ಪಿಯ ಮೈಕ್ರೊಸರ್ವರ್ ಎನ್‌54ಎಲ್ ನೋಡಿ. ಕಂಪನಿ ಹೇಳಿದ ಗರಿಷ್ಠ 8 ಜಿಬಿ. ಅದರ ಎರಡು ಸ್ಲಾಟ್‌ಗಳಿಗೆ 8 ಜಿಬಿಯ ಎರಡು ಮಾಡ್ಯೂಲ್ (ಸ್ಲಾಟಿಗೆ ಸಿಕ್ಕಿಸುವ ಮೆಮೊರಿ ಹಲಗೆ) ಹಾಕಿ, 16 ಜಿಬಿಯಲ್ಲಿ ವರ್ಷಗಟ್ಟಲೆ ಓಡಿಸಿದವರು ಬಹಳ ಮಂದಿ ಇದ್ದಾರೆ. ಅದೇ ಸಾಲಿನಲ್ಲಿ 2013ರಲ್ಲಿ ಬಂದ ಜೆನ್8 ಯಂತ್ರದ ಗರಿಷ್ಠ 16 ಜಿಬಿ. ಇಲ್ಲಿ ಮಾತ್ರ 16ರ ಆಚೆಗೆ ದಾರಿಯೇ ಇಲ್ಲ. 4 ಗಿಗಾಬಿಟ್ ಚಿಪ್‌ಗಳಿಂದ ಕಟ್ಟಿದ, ಬಫರ್ ಇಲ್ಲದ (ಸಾಮಾನ್ಯ ಯಂತ್ರಗಳಲ್ಲಿ ಬಳಸುವ) ಡಿಡಿಆರ್3 ಎಂಬ ಬಗೆಯ ಮಾಡ್ಯೂಲ್ 8 ಜಿಬಿಗೆ ನಿಂತುಬಿಡುತ್ತದೆ. 16 ಜಿಬಿಯ ಮಾಡ್ಯೂಲ್ ಬೇಕೆಂದರೆ 8 ಗಿಗಾಬಿಟ್ ಚಿಪ್ ಬೇಕು. ಆ ಚಿಪ್ಪನ್ನು ನಡೆಸುವುದು ಆ ತಲೆಮಾರಿನ ಇಂಟೆಲ್ ಪ್ರೊಸೆಸರ್‌ನ ಮೆಮೊರಿಯನ್ನು ನಿಭಾಯಿಸುವ ಭಾಗವಾದ ಮೆಮೊರಿ ಕಂಟ್ರೋಲರ್‌ಗೆ ಬರುವುದಿಲ್ಲ. ಸ್ಲಾಟ್ ಇರುವುದೂ ಎರಡೇ.

ಎರಡು ಪೆಟ್ಟಿಗೆಯ ಮೇಲೂ ಇರುವುದು ‘ಗರಿಷ್ಠ’ ಎಂಬ ಒಂದೇ ಮಾತು. ಮೊದಲನೆಯದರಲ್ಲಿ ಅದು ಕಂಪನಿ ಪರೀಕ್ಷಿಸಿ ಹೊಣೆ ಹೊತ್ತ ಅಳತೆ, ಎರಡನೆಯದರಲ್ಲಿ ಯಂತ್ರದ ಹುಟ್ಟುಗುಣ. ಯಂತ್ರ ತಯಾರಾಗುವ ಹೊತ್ತಿಗೆ ದೊಡ್ಡ ಮಾಡ್ಯೂಲ್‌ಗಳು ಸಿಗದಿದ್ದರೆ ಅಥವಾ ಅವುಗಳನ್ನು ಹಾಕಿ ನೋಡದಿದ್ದರೆ, ಪಟ್ಟಿಯಲ್ಲಿ ಚಿಕ್ಕ ಅಂಕಿಯೇ ಉಳಿಯುತ್ತದೆ. ಇಂಟೆಲ್‌ನ ಎನ್100 ಪ್ರೊಸೆಸರ್‌ಗೂ ಹೀಗೇ ಆಗಿದೆ: ಕಾಗದದ ಮೇಲೆ 16 ಜಿಬಿ, ಜನ ಓಡಿಸುತ್ತಿರುವುದು 32.

ಇದಕ್ಕೆ ‘ಅಧಿಕೃತ ಮಿತಿ’ ಎಂದರೆ ಸಾಕಲ್ಲವೇ ಎಂದು ಕೆಲವರು ಕೇಳಬಹುದು. ‘ಮಿತಿ’ ನನಗೂ ಹಿಡಿಸುತ್ತದೆ. ಮಿತಿ ಎಂದರೆ ಅಳೆದು ಇಟ್ಟದ್ದು, ಅದನ್ನು ಇಟ್ಟವರು ಒಬ್ಬರು ಇರುತ್ತಾರೆ. ವೇಗಮಿತಿ 60 ಎಂದ ಮಾತ್ರಕ್ಕೆ ಗಾಡಿ 61ರಲ್ಲಿ ಹೋಗಲಾರದು ಎಂದು ಯಾರೂ ತಿಳಿಯುವುದಿಲ್ಲ. ನನಗೆ ಒಗ್ಗದಿರುವುದು ‘ಅಧಿಕೃತ’. ಅದರ ಬೆನ್ನಿಗೇ ‘ಅನಧಿಕೃತ’ ಬರುತ್ತದೆ. ಅನಧಿಕೃತ ಕಟ್ಟಡ, ಅನಧಿಕೃತ ಗೈರುಹಾಜರಿ ಎಂಬ ನೋಟಿಸಿನ ಭಾಷೆ. ನಮ್ಮ ಯಂತ್ರಕ್ಕೆ ನಾವು ಮೆಮೊರಿ ಹಾಕಿಕೊಳ್ಳಲು ಯಾರ ಪರವಾನಗಿಯೂ ಬೇಕಿಲ್ಲ. ‘ಮಿತಿ ಮೀರು’ ಎಂಬಲ್ಲೂ ಬೈಗುಳದ ಛಾಯೆ ಇದೆ, ‘ಹದ್ದು ಮೀರು’ ಎಂದರಂತೂ ಬೈಗುಳವೇ. ‘ಮೇರೆ’ಗೆ ಈ ತೊಂದರೆ ಇಲ್ಲ, ಸಂತೋಷವೂ ಮೇರೆ ಮೀರಬಲ್ಲದು, ಆದರೆ ಮೆಮೊರಿಯ ಕೈಪಿಡಿಯಲ್ಲಿ ಅದು ತೀರಾ ಕಾವ್ಯವಾಗಿ ಕೇಳಿಸುತ್ತದೆ. ಹಾಗಾಗಿ ‘ಮಿತಿಯಾಚೆ’ ಎಂದು ಬರೆಯುತ್ತಿದ್ದೇನೆ.

‘ಈ ಬೋರ್ಡ್ 8 ಜಿಬಿ ಬೆಂಬಲಿಸುತ್ತದೆ’ ಎಂಬ ವಾಕ್ಯ ಈಗ ಎಲ್ಲೆಡೆ ಕಾಣುತ್ತದೆ. ಬೆಂಬಲ ಯಾರು ಯಾರಿಗೆ ಕೊಟ್ಟರು ಎಂಬುದು ಅದರಿಂದ ತಿಳಿಯುವುದಿಲ್ಲ, ಅದನ್ನು ನಾನು ಪೂರ್ತಿ ಕೈಬಿಟ್ಟಿದ್ದೇನೆ.

ಕಂಪನಿಯ ಅಂಕಿಗೆ ಮೊದಲು ‘ಹೊಣೆಮಿತಿ’ ಎಂದು ಯೋಚಿಸಿದೆ. ಅರಿಸಮಾಸ (ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಸಮಾಸ) ಎಂಬ ಆಕ್ಷೇಪ ಒಂದು ಕಡೆ ಇರಲಿ, ಕಾನೂನಿನ ‘ಹೊಣೆಗಾರಿಕೆಯ ಮಿತಿ’ಯ ಜೊತೆ ಅದು ಗೊಂದಲವಾಗುತ್ತದೆ. ಸದ್ಯಕ್ಕೆ ‘ಖಾತರಿ ಮಿತಿ’ ಎಂಬಲ್ಲಿಗೆ ಬಂದಿದ್ದೇನೆ. 8ರವರೆಗೆ ಕಂಪನಿಯ ಖಾತರಿ. ಅದರಾಚೆ ಮೆಮ್‌ಟೆಸ್ಟ್86+ ಎಂಬ ಮೆಮೊರಿ ತಪಾಸಣೆಯ ತಂತ್ರಾಂಶ ಹಾಕಿ ರಾತ್ರಿಯಿಡೀ ಪರೀಕ್ಷಿಸುವ ಕೆಲಸ ನಮ್ಮದು. ಎರಡೂ ಮಾತು ಆ ಒಂದು ಪದದಿಂದ ಹೊರಡುತ್ತವೆ ಎಂದು ನನಗನ್ನಿಸುತ್ತದೆ.

ಯಂತ್ರದ ನಿಜವಾದ ಸಾಮರ್ಥ್ಯಕ್ಕೆ ಆಡುಮಾತಿನಲ್ಲೇ ಒಳ್ಳೆಯ ಕ್ರಿಯಾಪದ ಇದೆ. ಕೊಡ ಎಷ್ಟು ನೀರು ಹಿಡಿಯುತ್ತದೆ ಎನ್ನುವಂತೆ ಈ ಬೋರ್ಡ್ ಎಷ್ಟು ಜಿಬಿ ಹಿಡಿಯುತ್ತದೆ ಎನ್ನಬಹುದು. ಇದನ್ನು ‘ಕೂರುತ್ತದೆ’ಯಿಂದ ಬೇರೆಯಾಗಿ ಇಡುವುದು ಮುಖ್ಯ. ಬಫರ್ ಇಲ್ಲದ ಮೆಮೊರಿಯನ್ನಷ್ಟೇ ಒಪ್ಪುವ ಡಿಡಿಆರ್3 ಬೋರ್ಡಿನ ಸ್ಲಾಟ್‌ನಲ್ಲಿ ರಿಜಿಸ್ಟರ್ಡ್ (ಬಫರ್ ಇರುವ, ದೊಡ್ಡ ಸರ್ವರುಗಳ) ಮಾಡ್ಯೂಲ್ ಸಲೀಸಾಗಿ ಕೂರುತ್ತದೆ, ಆದರೆ ಯಂತ್ರ ಏಳುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ದೊಡ್ಡ ಸರ್ವರ್‌ಗಳ ಮೆಮೊರಿ ಕೊಳ್ಳುವವರು ಎಡವುವುದು ಇಲ್ಲೇ, ಆದ್ದರಿಂದ ಕೈಪಿಡಿಯಲ್ಲಿ ಈ ಎರಡು ಕ್ರಿಯಾಪದಗಳನ್ನು ನಾನು ಬೆರೆಸುವುದೇ ಇಲ್ಲ.

‘ಹಿಡಿ’ಯ ಇನ್ನೊಂದು ಅನುಕೂಲ ಅದರ ಸಂಭಾವನಾರ್ಥಕ ರೂಪ. ಮಿತಿಯಾಚೆಯ ಮೆಮೊರಿ ನಡೆಯುತ್ತದೋ ಇಲ್ಲವೋ ಎಂಬುದು ಜಿಬಿ ಲೆಕ್ಕವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಮಾಡ್ಯೂಲಿನಲ್ಲಿರುವ ಚಿಪ್‌ಗಳ ಸಾಂದ್ರತೆ, ಅವುಗಳ ಜೋಡಣೆ, ಬಯಾಸ್‌ನ ಆವೃತ್ತಿ ಎಲ್ಲವೂ ಸೇರುತ್ತವೆ. ಒಂದೇ ಅಳತೆಯ ಎರಡು ಮಾಡ್ಯೂಲ್‌ಗಳಲ್ಲಿ ಒಂದು ಓಡಿ ಇನ್ನೊಂದು ಓಡದಿರಬಹುದು. ಅಂಥ ಕಡೆ ‘32 ಜಿಬಿ ಹಿಡಿದೀತು’ ಎಂದರೆ ಆಶೆಯೂ ಅನುಮಾನವೂ ಒಂದೇ ಪದದಲ್ಲಿ ಬರುತ್ತವೆ. ‘ಹಿಡಿಯುವ ಸಾಧ್ಯತೆ ಇರುತ್ತದೆ’ ಎಂದು ಎಳೆಯಬೇಕಿಲ್ಲ.

ಸಾಲದಿರುವುದು ನಾಮಪದ. ‘ಹಿಡಿತ’ ನಿಯಂತ್ರಣದ ಕಡೆಗೆ ಹೋಗುತ್ತದೆ, ‘ಹಿಡಿಕೆ’ ಕೈಯಲ್ಲಿ ಹಿಡಿಯುವ ಭಾಗ. ‘ಸಾಮರ್ಥ್ಯ’ ಎಂದರೆ ವೇಗವೋ ಶಕ್ತಿಯೋ ಎಂಬ ಅನುಮಾನ ಉಳಿಯುತ್ತದೆ. ಹಳೆಯ ‘ಅಳವು’ ನನ್ನ ಮನಸ್ಸಿನಲ್ಲಿದೆ. ಅಳತೆ, ಶಕ್ತಿ ಎರಡೂ ಅದರಲ್ಲಿವೆ. ಹಾಗಾದರೆ ವಾಕ್ಯ ಹೀಗಾಗುತ್ತದೆ: ‘ಎನ್‌54ಎಲ್‌ನ ಖಾತರಿ ಮಿತಿ 8 ಜಿಬಿ, ಅಳವು 16 ಜಿಬಿ. ಜೆನ್8ರಲ್ಲಿ ಎರಡೂ 16.’

‘ಅಳವು’ ಈ ಅರ್ಥದಲ್ಲಿ ನಿಮ್ಮ ಕಡೆಯ ಮಾತಿನಲ್ಲಿ ಇನ್ನೂ ಉಳಿದಿದೆಯೇ, ಅಥವಾ ನಿಘಂಟಿನಲ್ಲಿ ಮಾತ್ರವೇ? ‘ಹಿಡಿ’ಯಿಂದಲೇ ಹುಟ್ಟಿದ, ಒಳಗೆ ಎಷ್ಟು ಹಿಡಿಯುತ್ತದೆ ಎಂಬುದನ್ನು ಹೇಳುವ ನಾಮಪದ ಯಾರಾದರೂ ಕೇಳಿದ್ದರೆ, ಅದು ಬಳಕೆಯಾದ ವಾಕ್ಯದ ಸಮೇತ ದಯವಿಟ್ಟು ತಿಳಿಸಿ. ‘ಖಾತರಿ ಮಿತಿ’ಯನ್ನು ಓದಿದಾಗ ವಾರಂಟಿಯ ಅವಧಿ ಎಂದು ತಪ್ಪು ತಿಳಿಯುವ ಸಂಭವವಿದ್ದರೆ ಅದನ್ನೂ ಹೇಳಿ.