ಒಂದೇ ತೋಟದ ಮಣ್ಣು, ಎರಡು ವರದಿ: ರಂಜಕ ಒಂದರಲ್ಲಿ 9, ಇನ್ನೊಂದರಲ್ಲಿ 41

ತೀರ್ಥಹಳ್ಳಿ ತೋಟಿಗ:
ನಮಸ್ಕಾರ. ಅಡಿಕೆ ತೋಟದ ಮಣ್ಣನ್ನು ಎರಡು ಕಡೆ ಪರೀಕ್ಷೆ ಮಾಡಿಸಿದೆ. ಜಂಬಿಟ್ಟಿಗೆ ಮಣ್ಣು, ಪಿಎಚ್ ಎರಡರಲ್ಲೂ 5.2, ಅಂದರೆ ಹುಳಿ. ಆದರೆ ಲಭ್ಯ ರಂಜಕ (ಗಿಡಕ್ಕೆ ಸಿಗುವಂಥದ್ದು) ಒಂದರಲ್ಲಿ ಹೆಕ್ಟೇರಿಗೆ 9 ಕೆಜಿ, ಇನ್ನೊಂದರಲ್ಲಿ 41. ಯಾವುದನ್ನು ನಂಬಿ ಗೊಬ್ಬರ ಹಾಕಲಿ? ಮಳೆ ಬಿಡುತ್ತಾ ಬಂತು.

ಕೆಮ್ಮಣ್ಣು:
ಗಾಬರಿ ಬೇಡ, ಎರಡೂ ಸರಿ ಇರಬಹುದು. ಅಂಕಿಯ ಪಕ್ಕ 'ಪಿ' (ಬರೀ ರಂಜಕ) ಅಂತಿದೆಯೋ 'ಪಿ2ಓ5' (ಆಮ್ಲಜನಕ ಸೇರಿದ ರಂಜಕ) ಅಂತಿದೆಯೋ ನೋಡಿ. ಎರಡನೆಯದಾದರೆ 2.29ರಿಂದ ಭಾಗಿಸಿ, 'ಪಿ' ಸಿಗುತ್ತದೆ. ಆಮೇಲೆ ಪರೀಕ್ಷೆಯ ವಿಧಾನ ನೋಡಿ: ಓಲ್ಸನ್ನೋ, ಬ್ರೇನೋ?

ಓಲ್ಸನ್‌ನಲ್ಲಿ ಮಣ್ಣನ್ನು ಸೋಡಿಯಂ ಬೈಕಾರ್ಬೊನೇಟ್, ಅಂದರೆ ನಮ್ಮ ಅಡುಗೆ ಸೋಡಾದ ನೀರಿನಲ್ಲಿ ಅಲ್ಲಾಡಿಸುತ್ತಾರೆ. ಅದರ ಪಿಎಚ್ 8.5. ಸುಣ್ಣದ ಅಂಶ ಇರುವ ಬಯಲುಸೀಮೆ ಮಣ್ಣಿಗೆ ಅದು ಹೇಳಿ ಮಾಡಿಸಿದ್ದು. ನಮ್ಮ ಹುಳಿ ಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಗಟ್ಟಿಯಾಗಿ ಹಿಡಿದಿರುತ್ತವೆ. ಬ್ರೇ ದ್ರಾವಣದಲ್ಲಿರುವ ಫ್ಲೋರೈಡ್ ಅಲ್ಯೂಮಿನಿಯಂ ಜೊತೆ ಸೇರಿಕೊಂಡು ರಂಜಕವನ್ನು ಬಿಡಿಸುತ್ತದೆ. ಹಾಗಾಗಿ ಮಲೆನಾಡಿನವರು ಮಣ್ಣು ಕೊಡುವಾಗಲೇ 'ಬ್ರೇ ಮಾಡಿ' ಅಂತ ಕೇಳಬೇಕು. ನನ್ನ ತೋಟಕ್ಕೆ ಪ್ರತಿ ಸಲ ಹಾಗೇ ಬರೆದು ಕೊಡುತ್ತೇನೆ.

ಇನ್ನೊಂದು ಮಾತು. ಮಣ್ಣು ಒಣಗಿಸಿದ್ದು ಎಲ್ಲಿ?

ತೀರ್ಥಹಳ್ಳಿ ತೋಟಿಗ:
ನೋಡಿದೆ. 9 ಇರುವುದು ಓಲ್ಸನ್, 'ಪಿ'. 41 ಇರುವುದು ಬ್ರೇ, 'ಪಿ2ಓ5'. ಭಾಗಿಸಿದರೆ ಸುಮಾರು 18!

ಮೊದಲ ಸಲ ಜಗಲಿಯಲ್ಲಿ ಪೇಪರ್ ಹಾಸಿ ಒಣಗಿಸಿದ್ದೆ. ಎರಡನೇ ಸಲ ಡಿಎಪಿಯ ಹಳೇ ಚೀಲದ ಮೇಲೆ. ಈಗ ಚೀಲ ಕೊಡವಿ ನೋಡಿದರೆ ಹೊಲಿಗೆ ಸಂದಿಯಲ್ಲಿ ಇನ್ನೂ ನಾಲ್ಕೈದು ಕಾಳು ಕೂತಿವೆ.

ಕೆಮ್ಮಣ್ಣು:
ಹಾಗಾದರೆ ಆ 18ನ್ನೂ ನಂಬಬೇಡಿ. ಡಿಎಪಿ ರಂಜಕದ ಗೊಬ್ಬರ ತಾನೆ, ಅರ್ಧ ಕೆಜಿ ಮಣ್ಣಿಗೆ ಅದರ ಒಂದು ಕಾಳು ಸೇರಿದರೂ ಲೆಕ್ಕ ಎಲ್ಲೋ ಹೋಗುತ್ತದೆ. ಹೊಸದಾಗಿ ಹತ್ತು-ಹದಿನೈದು ಕಡೆಯಿಂದ ಮಣ್ಣು ತೆಗೆಯಿರಿ. ಗೊಬ್ಬರ ಹಾಕಿದ ಗುಣಿ ಬೇಡ. ನೆರಳಿನಲ್ಲಿ ಒಣಗಿಸಿ, ಬಟ್ಟೆ ಚೀಲದಲ್ಲಿ ಕೊಡಿ. ಮುಂದೆ ಪ್ರತಿ ಸಲವೂ ಅದೇ ಪ್ರಯೋಗಾಲಯ, ಅದೇ ವಿಧಾನ. ಇಲ್ಲದಿದ್ದರೆ ಹೋಲಿಸುವುದು ಹೇಗೆ ಅಲ್ವಾ?

ವರದಿ ಬರುವವರೆಗೆ ಜಾಸ್ತಿ ಸುರಿಯಬೇಡಿ. ಫಸಲು ಬಿಡುವ ಮರಕ್ಕೆ ವರ್ಷಕ್ಕೆ 40 ಗ್ರಾಂ ಪಿ2ಓ5 ಶಿಫಾರಸು ಇದೆ. 20% ಇರುವ ರಾಕ್ ಫಾಸ್ಫೇಟ್ ಆದರೆ 200 ಗ್ರಾಂ. ನಮ್ಮ ಮಣ್ಣಿನ ಹುಳಿಗೇ ಅದು ನಿಧಾನ ಕರಗುತ್ತದೆ. ಸುಣ್ಣದ ಜೊತೆ ಮಾತ್ರ ಒಟ್ಟಿಗೆ ಹಾಕಬೇಡಿ, ಹುಳಿ ಸತ್ತರೆ ಅದು ಕರಗುವುದಿಲ್ಲ.

ತೀರ್ಥಹಳ್ಳಿ ತೋಟಿಗ:
ತುಂಬಾ ಉಪಕಾರವಾಯಿತು. ಭಾನುವಾರ ಮಣ್ಣು ತೆಗೆಯುತ್ತೇನೆ. ಬ್ರೇ ವರದಿ ಬಂದ ಕೂಡಲೇ ಇಲ್ಲೇ ಹಾಕುತ್ತೇನೆ.