ಪದಚರ್ಚೆ: ಹೆಡ್‌ಫೋನಿನ ‘ಆಂಪ್ಲಿ’ಗೆ ಕನ್ನಡದಲ್ಲಿ ಏನೆನ್ನೋಣ? ‘ಧ್ವನಿವರ್ಧಕ’ ಹೊಂದುತ್ತಿಲ್ಲ

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕೆ ಸಿಕ್ಕಿಬಿದ್ದು ನಾಲ್ಕು ದಿನವಾಯಿತು. ಹಿಂದುಮುಂದು ಹೇಳದೆ ಕೇಳಿದರೆ “ಆಂಪ್ಲಿಫೈಯರ್ ಅಂತಲೇ ಬರೆಯಿರಿ, ಯಾಕೆ ತಲೆನೋವು” ಎಂದು ಒಂದೇ ಸಾಲಿನ ಉತ್ತರ ಬರುತ್ತದೆಂದು ಗೊತ್ತು. ಹಾಗಾಗಿ ತುಸು ಉದ್ದ ಬರೆಯುತ್ತಿದ್ದೇನೆ, ಬೇಸರಿಸಬೇಡಿ.

ಶಿರಸಿ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರಮಾವ ಇದ್ದಾರೆ. ಮಾಸ್ತರಿಕೆಯಿಂದ ನಿವೃತ್ತರು, ಮದ್ದಳೆ ಬಾರಿಸುತ್ತಾರೆ. ಕ್ಯಾಸೆಟ್ಟಿನ ಕಾಲದಲ್ಲಿ ಊರೂರು ತಿರುಗಿ ತುಂಬಿಸಿಕೊಂಡ ಯಕ್ಷಗಾನದ ಆಟ, ತಾಳಮದ್ದಳೆಗಳನ್ನೆಲ್ಲ ಕಳೆದ ಮಳೆಗಾಲದಲ್ಲಿ ಕಂಪ್ಯೂಟರಿಗೆ ಇಳಿಸಿ ಮೊಬೈಲಿಗೆ ಹಾಕಿಕೊಂಡರು. ಬೆಂಗಳೂರಿನಲ್ಲಿರುವ ಮಗ ಒಂದು ಒಳ್ಳೆಯ ಹೆಡ್‌ಫೋನ್ ತಂದುಕೊಟ್ಟ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, 250 ಓಮಿನದು. (ಓಮ್ ಎಂದರೆ ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆಯ ಅಳತೆ. ಅದೇ ಹೆಸರಿನಲ್ಲಿ 32 ಮತ್ತು 80 ಓಮಿನವೂ ಸಿಗುತ್ತವೆ. ಬಣ್ಣ ನೋಡಿ ಕೊಳ್ಳುವವರು ಆ ಅಂಕಿ ನೋಡುವುದಿಲ್ಲ.) ಫೋನಿಗೆ ಸಿಕ್ಕಿಸಿ ವಾಲ್ಯೂಮ್ ಪೂರ್ತಿ ಏರಿಸಿದರೂ ಭಾಗವತರು ಪಕ್ಕದ ಮನೆಯ ಜಗಲಿಯಲ್ಲಿ ಕೂತು ಹಾಡಿದ ಹಾಗೆ ಕೇಳುತ್ತಿತ್ತು. ಮದ್ದಳೆಯ ‘ಗುಂ’ ಅಂತೂ ಎಲ್ಲಿ ಹೋಯಿತೋ. ಸದ್ದು ಸಣ್ಣದಾದಾಗ ಕಿವಿಗೆ ಮೊದಲು ತಪ್ಪಿಹೋಗುವುದು ತಗ್ಗಿನ ನಾದವೇ. ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ.

ನಡುವೆ ಒಂದು ಸಣ್ಣ ಆಂಪ್ಲಿಫೈಯರ್ ಬೇಕು ಎಂದೆ. “ಅದು ಎಂತ ಮಾಡ್ತು ಹೇಳಿ ಒಂದು ಹಾಳೆ ಮೇಲೆ ಕನ್ನಡದಲ್ಲಿ ಬರ್ಕೊಡು ತಮಾ, ಉಳದವಕ್ಕೂ ತೋರಿಸ್ತಿ” ಎಂದರು. ಉಳಿದವರೆಂದರೆ ಅವರ ತಾಳಮದ್ದಳೆ ಕೂಟದ ನಾಲ್ಕೈದು ಜನ. ಬರೆಯಲು ಕೂತೆ. ಮೊದಲ ಸಾಲು, “ಹೆಡ್‌ಫೋನ್ ಧ್ವನಿವರ್ಧಕ ಎಂದರೆ...” ಮಾವ ಹೆಗಲ ಮೇಲಿಂದ ಬಗ್ಗಿ ನೋಡಿ ಅಲ್ಲೇ ತಡೆದರು. “ಧ್ವನಿವರ್ಧಕಕ್ಕೆ ಪೊಲೀಸ್ ಪರವಾನಗಿ ಬೇಕಲ್ದಾ?”

ತಮಾಷೆಗೆ ಅಂದದ್ದು, ಆದರೆ ಸರಿಯಾಗಿಯೇ ಹಿಡಿದರು. ಪದದ ಬಿಡಿಯರ್ಥ ನೋಡಿದರೆ ಧ್ವನಿವರ್ಧಕ ಆಂಪ್ಲಿಫೈಯರಿಗೇ ಹೊಂದಬೇಕು. ಇಂಗ್ಲಿಷಿನದೂ ಲ್ಯಾಟಿನ್ ಮೂಲದ, ‘ವಿಪುಲ ಮಾಡು’ ಎಂಬರ್ಥದ ಮಾತೇ. ಆದರೆ ಕನ್ನಡದ ಬಳಕೆಯಲ್ಲಿ ಅದು ಎಂದೋ ಕಂಬ ಹತ್ತಿ ಹಾರ್ನ್ ಆಗಿಬಿಟ್ಟಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಬಂದ ಮೇಲೆ ‘ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ನಿಷೇಧ’ ಎಂದು ಓದೀ ಓದೀ, ಬೆಳಗಿನವರೆಗೆ ಆಟ ನೋಡಿ ಬೆಳೆದ ಮಾವನಂಥವರಿಗೆ ಆ ಪದದ ಮೇಲೆ ಒಂಥರಾ ಸಿಟ್ಟೂ ಇದೆ. ಒಬ್ಬನ ಕಿವಿಗಷ್ಟೇ ಕೇಳಿಸುವ, ಕವಳದ ಸಂಚಿಯಲ್ಲಿ ಹಿಡಿಸುವ ಡಬ್ಬಿಗೆ ಆ ಹೆಸರಿಟ್ಟರೆ ನಗೆಪಾಟಲೇ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಕೂಟದ ಅರ್ಥಧಾರಿಯೊಬ್ಬರ (ಪಾತ್ರದ ಮಾತು ಆಡುವವರು) ಹತ್ತಿರ ಇರುವುದು ಕುತ್ತಿಗೆಗೆ ಹಾಕಿಕೊಳ್ಳುವ ಬ್ಲೂಟೂತ್ ಇಯರ್‌ಫೋನ್. ‘ಧ್ವನಿವರ್ಧಕ’ ಎಂದು ಓದಿದವರೇ “ನನಗೂ ಒಂದು ತರಿಸು, ಶಬ್ದ ಜಾಸ್ತಿ ಆಗ್ತದಲ್ಲ” ಎಂದರು. ಬ್ಲೂಟೂತಿನದರಲ್ಲಿ ಆಂಪ್ಲಿಫೈಯರ್ ಒಳಗೇ ಇರುತ್ತದೆ, ಹೊರಗಿನದನ್ನು ಸಿಕ್ಕಿಸಲು ತೂತೂ ಇಲ್ಲ. ಪದವೇ ಅವರನ್ನು ದಾರಿ ತಪ್ಪಿಸಿತು. ‘ವರ್ಧಕ’ ಎಂದ ಕೂಡಲೇ ಇದ್ದದ್ದರ ಮೇಲೆ ಇನ್ನಷ್ಟು ಎಂಬ ಆಸೆ ಹುಟ್ಟುತ್ತದೆ. ಈ ಡಬ್ಬಿಯ ಕೆಲಸ ಅದಲ್ಲ. ಫೋನಿಗೆ ತ್ರಾಣ ಸಾಲದ ಕಡೆ ತ್ರಾಣ ಕೊಡುವುದಷ್ಟೇ.

ಇದನ್ನು ಬಾಯಲ್ಲಿ ವಿವರಿಸುವಾಗ ಮಾವನೇ ಒಂದು ಪದ ಕೊಟ್ಟರು. ಈ ಪತ್ರ ಬರೆಯಲು ಅದೇ ಕಾರಣ. “ಅಂದ್ರೆ ಫೋನು ಎಳೀತಿಲ್ಲೆ, ಅಷ್ಟೇ ಅಲ್ದಾ? ದೇವಿಮನೆ ಘಟ್ಟದಲ್ಲಿ ಗಾಡಿ ಎಳೀತಿಲ್ಲೆ ಹೇಳ್ತ್ವಲಾ, ಹಾಂಗೆ.”

ಇಂಗ್ಲಿಷಿನಲ್ಲಿ ಹೆಡ್‌ಫೋನನ್ನು ಡ್ರೈವ್ ಮಾಡುವುದು ಎನ್ನುತ್ತಾರೆ. ಅದಕ್ಕೆ ನಾನು ಚಾಲನೆ, ಚಾಲಕ, ಚಾಲಕಶಕ್ತಿ ಎಂದು ತಡಕಾಡುತ್ತಿದ್ದೆ. ಕುಮಟೆಯಿಂದ ಘಟ್ಟ ಹತ್ತುವ ಲಾರಿ ಡ್ರೈವರನ ಬಾಯಲ್ಲಿ ಅದು ಸಿದ್ಧವಾಗಿಯೇ ಇತ್ತು. ಗಾಡಿ ಎಳೆಯುತ್ತದೆ, ಎಳೆಯುವುದಿಲ್ಲ, ಎಳೆತ ಕಡಿಮೆ. ಖಾಲಿ ಗಾಡಿಗೆ, ಸಪಾಟು ರಸ್ತೆಗೆ ದೊಡ್ಡ ಎಂಜಿನ್ ಯಾಕೆ ಎಂಬ ಪ್ರಶ್ನೆಯೂ ಆ ಮಾತಿನಲ್ಲೇ ಇದೆ. ಆ ಅರ್ಥಧಾರಿಗಳಿಗೂ ಹಾಗೆ ಹೇಳಿದ ಮೇಲೆಯೇ ಸಮಾಧಾನವಾದದ್ದು.

ಹೋಲಿಕೆಯನ್ನು ಇನ್ನೂ ದೂರ ಎಳೆಯಬಹುದೇ ಎಂದು ಲೆಕ್ಕ ಹಾಕಿ ನೋಡಿದೆ. ಮಾವನ ಹೆಡ್‌ಫೋನಿಗೆ ಒಂದು ಮಿಲಿವ್ಯಾಟ್ ಶಕ್ತಿಗೆ 96 ಡೆಸಿಬೆಲ್ ಸದ್ದು ಎಂದು ಕಂಪನಿ ಬರೆದಿದೆ. 250 ಓಮಿಗೆ ಒಂದು ಮಿಲಿವ್ಯಾಟ್ ಹೋಗಬೇಕಾದರೆ ಅರ್ಧ ವೋಲ್ಟ್ ಬೇಕು. ಒಂದು ವೋಲ್ಟ್ ಕೊಟ್ಟರೆ 4 ಮಿಲಿವ್ಯಾಟ್, 102 ಡೆಸಿಬೆಲ್. ಎರಡು ವೋಲ್ಟಿಗೆ 16 ಮಿಲಿವ್ಯಾಟ್, 108 ಡೆಸಿಬೆಲ್. ಅಷ್ಟೆಲ್ಲ ಯಾಕೆ, ಕಿವಿ ಹರಿಯಬೇಕೇ ಎನ್ನಬೇಡಿ. ಅದು ಚಂಡೆಯ ಒಂದು ಪೆಟ್ಟಿನ ತುತ್ತತುದಿಗೆ ಮೀಸಲು. ಹಾಡಿನ ಸರಾಸರಿ ಮಟ್ಟ ಅದಕ್ಕಿಂತ ಬಹಳ ಕೆಳಗಿರುತ್ತದೆ, ಹಳೆಯ ಕ್ಯಾಸೆಟ್ಟುಗಳದ್ದು ಇನ್ನೂ ಕೆಳಗೆ. ಮಾವನ ಫೋನ್ ಆ ಎತ್ತರಕ್ಕೆ ಏರಲಾರದೆ ಉಸ್ಸೆನ್ನುತ್ತಿತ್ತು. ಅದೇ ಒಂದು ವೋಲ್ಟನ್ನು 32 ಓಮಿನ ಇಯರ್‌ಫೋನಿಗೆ ಕೊಟ್ಟರೆ 31 ಮಿಲಿವ್ಯಾಟ್. ಬೇಕಾದ್ದಕ್ಕಿಂತ ಹೆಚ್ಚು.

ಹಾಗಾದರೆ ಓಮ್ ಹೆಚ್ಚಿದ್ದಷ್ಟೂ ಎಳೆಯುವುದು ಕಷ್ಟವೇ? ಅದೂ ಅಲ್ಲ. ಹೈಫೈಮ್ಯಾನ್ ಎಚ್‌ಇ-6 ಎಂಬ ಹೆಡ್‌ಫೋನ್ ಬರೀ 50 ಓಮಿನದು, ಆದರೆ ಚುರುಕು, ಅಂದರೆ ಒಂದು ಮಿಲಿವ್ಯಾಟಿಗೆ ಕೊಡುವ ಸದ್ದು, 83.5 ಡೆಸಿಬೆಲ್ ಮಾತ್ರ. ಅದಕ್ಕೆ ವೋಲ್ಟೂ ಬೇಕು, ಕರೆಂಟಂತೂ ಧಾರಾಳ ಬೇಕು. ಇದನ್ನು ಮಾವನಿಗೆ ಹೇಳಿದಾಗ ತಕ್ಷಣ ಬಂದ ಮಾತು, ಘಟ್ಟದ ಏರು ಬೇರೆ, ಗಾಡಿಯ ಲೋಡು ಬೇರೆ. ನನಗೆ ಬಹಳ ಹಿಡಿಸಿತು. 250 ಓಮಿನದು ಕಡಿದಾದ ಏರು, ಎಚ್‌ಇ-6 ಮರ ತುಂಬಿದ ಲಾರಿ. ಕೊಳ್ಳುವಾಗ ಎರಡೂ ಅಂಕಿ ನೋಡಬೇಕು ಎಂಬುದನ್ನು ಇದಕ್ಕಿಂತ ಚೊಕ್ಕ ನಾನು ಹೇಳಲಾರೆ.

(ಈಗಷ್ಟೇ ‘ಚುರುಕು’ ಎಂದೆನಲ್ಲ, ಅದು ಸೆನ್ಸಿಟಿವಿಟಿಗೆ ನಾನು ಬಳಸಿದ್ದು. ಸಂವೇದನಾಶೀಲತೆ ಎಂದರೆ ಕವಿಗೋಷ್ಠಿಯ ವಾಸನೆ. ಚುರುಕು ಹೆಡ್‌ಫೋನ್, ಮಂದ ಹೆಡ್‌ಫೋನ್. ಆಕ್ಷೇಪ ಇದ್ದರೆ ಹೇಳಿ.)

ಈಗ ‘ಎಳೆ’ಯ ಮೇಲೆ ನನಗಿರುವ ಅನುಮಾನ. ಹಳೆಗನ್ನಡದಲ್ಲಿ ಜಗ್ಗುವ ‘ಎೞೆ’ಗೂ ಚಿಕ್ಕದೆಂಬ ‘ಎಳ’ಕ್ಕೂ ಅಕ್ಷರವೇ ಬೇರೆ ಇತ್ತು. ೞ ಹೋದ ಮೇಲೆ ಎಲ್ಲ ಒಂದೇ ರಾಶಿ. ಹಾಗಾಗಿ ‘ದನಿಯೆಳೆ’ ಎಂದು ಹೆಸರು ಕಟ್ಟಿದರೆ ಕೆಲವರಿಗೆ ನೂಲು, ಕೆಲವರಿಗೆ ಎಳಸು ದನಿ. ಅದಕ್ಕಿಂತ ಮುಖ್ಯವಾಗಿ, ಸಂಗೀತದ ಕೂಟದಲ್ಲಿ ‘ಎಳೆಯುವುದು’ ಬೈಗುಳ. “ಭಾಗವತರು ಇವತ್ತು ಪದ್ಯ ಎಳೆದರು” ಎಂದರೆ ಕಾಲ ಜಗ್ಗಿತು ಎಂದರ್ಥ. ಹಾಡು ಕೇಳುವ ಸಾಧನಕ್ಕೇ ಆ ಪದ ಹಾಕಿದರೆ ಏನಾಗಬಹುದು? ಕ್ರಿಯಾಪದವಾಗಿ ಇರಲಿ, ಹೆಸರಿಗೆ ಬೇಡ ಎಂದು ಈಗಿನ ಮಟ್ಟಿಗೆ ನನ್ನ ಅಂದಾಜು.

ಹೆಸರಿಗೆ ಏನು? ‘ಪ್ರವರ್ಧಕ’ ಹಿಂದಿಯವರ ದಾರಿ, ನಮ್ಮಲ್ಲಿ ಅದನ್ನು ಬಾಯಿಬಿಟ್ಟು ಹೇಳುವವರನ್ನು ಕಂಡಿಲ್ಲ. ‘ಹಿಗ್ಗುಕ’ ಎಂದು ಅಚ್ಚಗನ್ನಡದ ಗೆಳೆಯರೊಬ್ಬರು ಸೂಚಿಸಿದರು, ಮಾವ ಹಿಗ್ಗಲಿಲ್ಲ. ‘ಒತ್ತಾಸೆ’ ನನಗೆ ಹೊಳೆದದ್ದು. ಹಿಂದೆ ನಿಂತು ಬಲ ಕೊಡುವುದು ಎಂಬ ಅರ್ಥ ಬರುತ್ತದೆ. ನಾಗಸ್ವರದ ಪಕ್ಕ ಶ್ರುತಿ ಹಿಡಿಯುವ ವಾದ್ಯಕ್ಕೂ ಒತ್ತು ಎನ್ನುವುದರಿಂದ ಸಂಗೀತದ ನಂಟೂ ಇದೆ. ಆದರೆ ‘ಒತ್ತಾಸೆ ಚಾರ್ಜ್ ಮಾಡಿದ್ದೀಯಾ?’ ಎಂದು ಯಾರಾದರೂ ಕೇಳುತ್ತಾರೆಯೇ? ಹಳ್ಳಿಯ ಮೈಕ್ ಸೆಟ್ಟಿನವರು ‘ಆಂಪ್ಲಿ’ ಎಂದೇ ಮೊಟಕು ಮಾಡಿಕೊಂಡಿದ್ದಾರೆ. ‘ಕಿಸೆ ಆಂಪ್ಲಿ’ ಎಂದರೆ ಸಾಕಲ್ಲವೇ ಎಂದೂ ಅನ್ನಿಸುತ್ತದೆ. ಪೋರ್ಟಬಲ್ ಎಂಬುದಕ್ಕೆ ‘ಒಯ್ಯಬಹುದಾದ’ ಎಂದರೆ ಒಯ್ಯುವುದೇ ಒಂದು ಕೆಲಸವಾಗಿ ಕಾಣುತ್ತದೆ. ಮೈಸೂರು ಕಡೆಯವರು ಜೇಬು ಎನ್ನಲಿ. ಕಾರವಾರದ ಗೆಳೆಯ ಕೊಂಕಣಿಯಲ್ಲಿ ‘ಬೊಲ್ಸ’ ಎನ್ನುತ್ತಾನೆ, ಪೋರ್ಚುಗೀಸರು ಬಿಟ್ಟುಹೋದದ್ದು. ಇಂಥ ಡಬ್ಬಿಯ ಚರಿತ್ರೆಯೂ ಕಿಸೆಯದೇ. ಚು ಮೋಯ್ ಎಂಬವರು ಕೊಟ್ಟ ನಕ್ಷೆ ನೋಡಿ ಹವ್ಯಾಸಿಗಳು 9 ವೋಲ್ಟಿನ ಬ್ಯಾಟರಿಯ ಜೊತೆ ಪುದೀನಾ ಪೆಪ್ಪರಮೆಂಟಿನ ತಗಡಿನ ಡಬ್ಬಿಯಲ್ಲಿ ಆಂಪ್ಲಿ ಕೂರಿಸಿಕೊಳ್ಳುತ್ತಿದ್ದರು.

ಗೇನ್ ಎಂಬುದಕ್ಕೂ ಪದ ಬೇಕು. ಮಾರುವವರ ಪುಟವೊಂದರಲ್ಲಿ ಯಂತ್ರಾನುವಾದ ‘ಹೆಚ್ಚಿನ ಲಾಭ / ಕಡಿಮೆ ಲಾಭ ಸ್ವಿಚ್’ ಎಂದಿತ್ತು. ಮಾವ, “ಅಡಿಕೆ ಮಂಡಿಗೆ ಒಂದು ಕೊಡ್ಸವು” ಎಂದರು. ಗೇನ್ ಎಂದರೆ ಒಳಗೆ ಬಂದದ್ದು ಎಷ್ಟು ಪಟ್ಟಾಗಿ ಹೊರಗೆ ಹೋಗುತ್ತದೆ ಎಂಬ ಲೆಕ್ಕ. ಹಾಗಾದರೆ ‘ಪಟ್ಟು’ ಎಂದರೇನಾಯಿತು? ಹೆಚ್ಚು ಪಟ್ಟು, ಕಡಿಮೆ ಪಟ್ಟು. (ಮೇಲ್ಪಟ್ಟು ಎನ್ನಲು ಹೋಗಬೇಡಿ, ಅದು ಬೇರೆ ಕಡೆ ಹದಿನೆಂಟು ವರ್ಷಕ್ಕೆ ಮೇಲ್ಪಟ್ಟಿದೆ.) ಮಾವ ತಮ್ಮ ಲಾರಿ ಬಿಡದೆ ‘ಗೇರು’ ಎನ್ನುತ್ತಾರೆ. ಕೆಲಸದ ದೃಷ್ಟಿಯಿಂದ ಅದೂ ಹೊಂದುತ್ತದೆ, ಆದರೆ ಹೊನ್ನಾವರ ಕಡೆ ಗೇರು ಎಂದರೆ ಮರದಲ್ಲಿ ಬಿಡುವುದು. ಚುರುಕು ಇಯರ್‌ಫೋನಿಗೆ ಹೆಚ್ಚು ಪಟ್ಟಿಟ್ಟರೆ ಹಾಡಿನ ಹಿಂದೆ ಸುಂಯ್ ಎಂಬ ಸದ್ದು ಏಳುತ್ತದೆ. ಅದಕ್ಕೆ ‘ಅಡಿಸದ್ದು’ ಎಂದು ಬರೆದಿದ್ದೇನೆ. ಮಳೆಗಾಲದ ರಾತ್ರಿ ಜೀರುಂಡೆಯದು ಇರುತ್ತದಲ್ಲ, ಎಲ್ಲರೂ ಮಾತು ನಿಲ್ಲಿಸಿದಾಗ ಮಾತ್ರ ಗೊತ್ತಾಗುವಂಥದ್ದು. ಶಕ್ತಿ ಮೀರಿ ಏರಿಸಿದಾಗ ಅಲೆಯ ತಲೆ ಕತ್ತರಿಸಿಹೋಗುವುದಕ್ಕೆ ಮೈಕ್ ಸೆಟ್ಟಿನವರ ‘ದನಿ ಒಡೆಯುವುದು’ ಇದೆ. ಅದಕ್ಕೆ ಚರ್ಚೆಯೇ ಬೇಡ.

ಇಂಪೀಡೆನ್ಸ್ ಮಾತ್ರ ನಿಜವಾಗಿಯೂ ಕಷ್ಟ. ಇಂಗ್ಲಿಷಿನಲ್ಲೂ ಅದು ತಾನಾಗಿ ಬೆಳೆದ ಪದವಲ್ಲ, ಆಲಿವರ್ ಹೆವಿಸೈಡ್ 1886ರಲ್ಲಿ ಟಂಕಿಸಿದ್ದು. ಶಾಲೆಯ ಪುಸ್ತಕದ ‘ರೋಧ’ ರೆಸಿಸ್ಟೆನ್ಸಿಗೆ ಆಗಲೇ ಕೊಟ್ಟಾಗಿದೆ. ಇಂಪೀಡೆನ್ಸ್ ಸ್ವರ ಬದಲಾದ ಹಾಗೆ ತಾನೂ ಬದಲಾಗುವ ತಡೆ. ಆಂಪ್ಲಿಯ ಹೊರಬಾಯಲ್ಲೂ ಸ್ವಲ್ಪ ತಡೆ ಇರುತ್ತದೆ, ಅದು ಹೆಡ್‌ಫೋನಿನ ತಡೆಯ ಎಂಟನೇ ಒಂದು ಪಾಲು ಮೀರಬಾರದು ಎಂಬುದು ಕೊಳ್ಳುವವರ ರೂಢಿಯ ಲೆಕ್ಕ. 16 ಓಮಿನ ಇಯರ್‌ಫೋನಾದರೆ 2 ಓಮಿನೊಳಗೆ. ಯಾಕೆಂದು ಹೇಳಲು ಮನೆಯ ನೀರು ನೆನಪಾಯಿತು. ಗುಡ್ಡದಿಂದ ಬರುವ ಪೈಪು ಸಣ್ಣದಿದ್ದರೆ ಅಡುಗೆಮನೆಯ ನಲ್ಲಿ ಬಿಟ್ಟಾಗ ಬಚ್ಚಲಮನೆಯದು ನೂಲಾಗುತ್ತದೆ. ಪೈಪು ದೊಡ್ಡದಿದ್ದರೆ ಯಾರು ಎಲ್ಲಿ ಬಿಟ್ಟರೂ ಗೊತ್ತಾಗುವುದಿಲ್ಲ. ಹೊರಬಾಯ ತಡೆ ಜಾಸ್ತಿಯಿದ್ದರೆ ಹಾಗೆಯೇ, ಹೆಡ್‌ಫೋನ್ ಯಾವ ಸ್ವರದಲ್ಲಿ ಹೆಚ್ಚು ಕರೆಂಟು ಕೇಳುತ್ತದೋ ಅಲ್ಲಿ ದನಿ ಸೊರಗಿ ನಾದದ ಬಣ್ಣವೇ ಬದಲಾಗುತ್ತದೆ. ಈ ವಿವರಣೆ ಮಾವನಿಗೆ ತಲುಪಿತು. ಪದ ಮಾತ್ರ ಸಿಗಲಿಲ್ಲ. ‘ತಡೆ’ ಎಂದು ಬರೆದು ಮುಂದೆ ಹೋದೆ. ರೋಧಕ್ಕೂ ತಡೆಗೂ ವ್ಯತ್ಯಾಸ ಉಳಿಸುವ ಬೇರೆ ಮಾತು ನಿಮಗೆ ಗೊತ್ತಿದೆಯೇ?

ಅಂತೂ ತನ್ನದೇ ಬ್ಯಾಟರಿಯಿರುವ, ಎರಡು ವೋಲ್ಟ್ ಕೊಡುವ ಒಂದನ್ನು ತರಿಸಿದೆವು. ಫೋನಿನ ಬುಡಕ್ಕೆ ಸಿಕ್ಕಿಸುವ ಬಾಲದಂಥದ್ದೂ ಇವೆ (ಡಾಂಗಲ್ಲಿಗೆ ‘ಬಾಲ’ ಮಾವನ ಪದವೇ, ಇದನ್ನು ಮಾತ್ರ ಬದಲಿಸಲು ಬಿಡುವುದಿಲ್ಲ), ಬಹುತೇಕ ಇಯರ್‌ಫೋನುಗಳಿಗೆ ಅದೇ ಸಾಕು. ಆದರೆ ಅದು ಫೋನಿನಿಂದ ಹೀರುತ್ತದೆ. ಆಷಾಢದಲ್ಲಿ ಎರಡು ದಿನ ಕರೆಂಟಿಲ್ಲದ ಊರಿನಲ್ಲಿ ಫೋನಿನ ಬ್ಯಾಟರಿ ಭಾಗವತಿಕೆಗೆ ಖರ್ಚಾದರೆ ಅತ್ತೆ ಸುಮ್ಮನಿರುವವರಲ್ಲ. ‘ಗುಂ’ ವಾಪಸು ಬಂದಿದೆ. ಜೊತೆಗೆ ಕ್ಯಾಸೆಟ್ಟಿನ ಸುಂಯ್ ಕೂಡ ಚೆನ್ನಾಗಿ ಕೇಳುತ್ತಿದೆ, ಅದಕ್ಕೆ ಆಂಪ್ಲಿ ಹೊಣೆಯಲ್ಲ. ವಾರಕ್ಕೆ 40 ತಾಸು 80 ಡೆಸಿಬೆಲ್ಲಿಗಿಂತ ಮೇಲೆ ಬೇಡ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ಹಾಳೆಯ ಕೊನೆಗೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಹಾಳೆಯ ತಲೆಬರಹ ಇನ್ನೂ ಖಾಲಿ. ‘ಕಿಸೆ ಆಂಪ್ಲಿ’ಯೋ, ‘ಒತ್ತಾಸೆ’ಯೋ, ಇನ್ನೇನಾದರೂ ಇದೆಯೋ? ಹೆಡ್‌ಫೋನ್ ‘ಎಳೆಯುವುದು’ ನಿಮ್ಮ ಕಿವಿಗೆ ಹಿತವೋ, ವಿಚಿತ್ರವೋ? ಕುಮಟಾ, ಅಂಕೋಲಾ ಕಡೆಯ ಮೈಕ್ ಸೆಟ್ಟಿನವರ ಒಡನಾಟ ಇದ್ದವರು ಗೇನಿಗೆ ಅವರೇನನ್ನುತ್ತಾರೆಂದು ಕೇಳಿ ತಿಳಿಸಿದರೆ ದೊಡ್ಡ ಉಪಕಾರ. ಶನಿವಾರ ಊರಿಗೆ ಹೋಗುವವನಿದ್ದೇನೆ, ಅಷ್ಟರೊಳಗೆ ಬರೆಯಿರಿ.