ಚರ್ಚ್ ಕಿಂಡರ್‌ಗಾರ್ಟನ್ ಅಂದರೆ ಸಿಎಸ್‌ಯು ಕಿಂಡರ್‌ಗಾರ್ಟನ್ ಅಲ್ಲ

ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ಗೆ ಈಚೆಗೆ ಬಂದಿರುವ ತಾಯಿಯೊಬ್ಬರು ಜರ್ಮನಿಯಲ್ಲಿರುವ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಂದು ಪ್ರಶ್ನೆ ಕೇಳಿದ್ದರು. ಮೂರು ವರ್ಷದ ಮಗಳಿಗೆ ನಗರಸಭೆಯ ಕಿಂಡರ್‌ಗಾರ್ಟನ್‌ನಲ್ಲಿ ಜಾಗ ಸಿಗಲಿಲ್ಲ, ಪಕ್ಕದ ಬೀದಿಯ ಕ್ಯಾಥೊಲಿಕ್ ಚರ್ಚಿನವರು ಕೊಡುತ್ತೇವೆ ಅಂದಿದ್ದಾರೆ, ಸೇರಿಸಬಹುದಾ ಅಂತ. "ಸುಮ್ನೆ ಯೋಚನೆ ಮಾಡಬೇಡಿ, ಸೇರಿಸಿ" ಅಂದರು ಕೆಲವರು. "ಚರ್ಚ್ ಅಂದರೆ ಸಿಎಸ್‌ಯು ಪಕ್ಷ. ವಲಸೆ ಬಂದವರನ್ನು ಕಂಡರೆ ಅವರಿಗಾಗಲ್ಲ. ದೂರ ಇರಿ" ಅಂದರು ಇನ್ನು ಕೆಲವರು. ಸಿಎಸ್‌ಯು ಅಂದರೆ ಮ್ಯೂನಿಕ್ ಇರುವ ಬವೇರಿಯಾ ರಾಜ್ಯವನ್ನು ಆಳುವ ಪಕ್ಷ, ಕ್ರಿಶ್ಚಿಯನ್ ಸೋಶಿಯಲ್ ಯೂನಿಯನ್. ಈ ಎರಡನೇ ಮಾತು ನಿಜವಲ್ಲ. ಅದನ್ನು ನಂಬಿದರೆ ನಮ್ಮ ಮಕ್ಕಳು ಬೆಳೆಯುತ್ತಿರುವ ಈ ದೇಶವೇ ನಮಗೆ ಅರ್ಥವಾಗುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಊರಿನಲ್ಲಿ ನಮ್ಮಲ್ಲಿ ಬಹಳ ಜನ ಕಾನ್ವೆಂಟಿನಲ್ಲಿ ಓದಿದವರು. ಚರ್ಚ್ ಅಂದ ತಕ್ಷಣ ನೆನಪಾಗುವುದು ಸಿಸ್ಟರ್‌ಗಳು, ಶಿಸ್ತು, ಇಂಗ್ಲಿಷು. ಇಲ್ಲಿಗೆ ಬಂದರೆ ಆಳುವ ಪಕ್ಷದ ಹೆಸರಿನಲ್ಲೇ ಕ್ರಿಶ್ಚಿಯನ್ ಅಂತ ಇದೆ. ಸರ್ಕಾರಿ ಶಾಲೆಯ ಗೋಡೆಯ ಮೇಲೆ ಶಿಲುಬೆ ಇದೆ. ಮನೆ ವಿಳಾಸ ನೋಂದಾಯಿಸಲು ಹೋದರೆ ಫಾರಂನಲ್ಲಿ ಧರ್ಮ ಯಾವುದು ಅಂತ ಕೇಳುತ್ತಾರೆ. ಎಲ್ಲಾ ಒಂದೇ ಕಂಪನಿ ಅಂತ ಯಾರಿಗಾದರೂ ಅನ್ನಿಸುತ್ತೆ.

ಆದರೆ ಈ ಪಕ್ಷ ಹುಟ್ಟಿದ ಕಥೆ ಬೇರೆ. ಹಿಟ್ಲರನಿಗಿಂತ ಮೊದಲು ಇಲ್ಲಿನ ಕ್ಯಾಥೊಲಿಕ್ಕರಿಗೆ ಅವರದೇ ಪಕ್ಷ ಇತ್ತು, ಟ್ಸೆಂಟ್ರುಮ್ ಅಂತ. 1870ರಲ್ಲಿ ಶುರುವಾಗಿದ್ದು. ಆಗಿನ ಚಾನ್ಸಲರ್ (ಪ್ರಧಾನಿ) ಬಿಸ್ಮಾರ್ಕ್ ಕ್ಯಾಥೊಲಿಕ್ ಚರ್ಚನ್ನು ಬಗ್ಗಿಸಲು ಹೊರಟು ಪಾದ್ರಿಗಳನ್ನು ಜೈಲಿಗೆ ಹಾಕಿಸಿದ. ಪಕ್ಷ ಅದರಿಂದ ಇನ್ನೂ ಗಟ್ಟಿಯಾಯಿತು. ಅದೇ ಪಕ್ಷ 1933ರ ಮಾರ್ಚ್ 23ರಂದು ಹಿಟ್ಲರನಿಗೆ ಸರ್ವಾಧಿಕಾರ ಕೊಡುವ ಕಾಯ್ದೆಗೆ ಕೈ ಎತ್ತಿತು. ಯುದ್ಧ ಮುಗಿದ ಮೇಲೆ, 1945ರಲ್ಲಿ, ಕ್ಯಾಥೊಲಿಕ್ಕರು ಒಂದು ಕಡೆ, ಪ್ರೊಟೆಸ್ಟೆಂಟರು ಒಂದು ಕಡೆ ಇದ್ದದ್ದು ಸಾಕು ಅಂದುಕೊಂಡವರು ಸೇರಿ ಸಿಡಿಯು (ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್) ಪಕ್ಷ ಕಟ್ಟಿದರು. ಬವೇರಿಯಾದಲ್ಲಿ ಅದರ ಜೊತೆಗಾರ ಪಕ್ಷವಾಗಿ ಸಿಎಸ್‌ಯು ಬಂತು. ಯುದ್ಧದ ನಂತರದ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಕೊನ್‌ರಾಡ್ ಆಡೆನವರ್ ಹಳೆಯ ಟ್ಸೆಂಟ್ರುಮ್‌ನವರೇ. ಹಾಗಾಗಿ ಪಕ್ಷಕ್ಕೂ ಚರ್ಚಿಗೂ ಹಳೆಯ ನೆಂಟಸ್ತಿಕೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಚರ್ಚ್ ಹೇಳಿದಂತೆ ಪಕ್ಷ ಕೇಳುವುದಿಲ್ಲ, ಪಕ್ಷ ಹೇಳಿದಂತೆ ಚರ್ಚೂ ಕೇಳುವುದಿಲ್ಲ.

ಇದಕ್ಕೆ ನಮ್ಮ ಬವೇರಿಯಾದಲ್ಲೇ ನಡೆದದ್ದನ್ನು ನೋಡಿ. 2018ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಮಾರ್ಕುಸ್ ಸೋಡರ್ ಒಂದು ಆದೇಶ ತಂದರು. ರಾಜ್ಯ ಸರ್ಕಾರದ ಎಲ್ಲಾ ಕಚೇರಿಗಳ ಬಾಗಿಲ ಬಳಿ ಶಿಲುಬೆ ಹಾಕಬೇಕು ಅಂತ. ಜೂನ್ ಒಂದರಿಂದ ಜಾರಿ. ಅಕ್ಟೋಬರ್‌ನಲ್ಲಿ ಚುನಾವಣೆ. ಇದು ಧಾರ್ಮಿಕ ಚಿಹ್ನೆಗಿಂತ ಬವೇರಿಯಾದ ಸಂಸ್ಕೃತಿಯ ಗುರುತು ಅಂತ ಸರ್ಕಾರ ಸಮರ್ಥನೆ ಕೊಟ್ಟಿತು. ಚರ್ಚ್ ಖುಷಿ ಪಡಬೇಕಿತ್ತು ಅಲ್ವಾ? ಮ್ಯೂನಿಕ್‌ನ ಆರ್ಚ್‌ಬಿಷಪ್, ಕಾರ್ಡಿನಲ್ ರೈನ್‌ಹಾರ್ಡ್ ಮಾರ್ಕ್ಸ್, ಆಗ ಇಡೀ ಜರ್ಮನಿಯ ಕ್ಯಾಥೊಲಿಕ್ ಬಿಷಪ್‌ಗಳ ಸಭೆಯ ಮುಖ್ಯಸ್ಥರು. ಅವರೇ ಎದ್ದು ನಿಂತು ಖಂಡಿಸಿದರು. ಶಿಲುಬೆಯನ್ನು ಬರೀ ಸಂಸ್ಕೃತಿಯ ಚಿಹ್ನೆ ಅಂದುಕೊಂಡರೆ ಶಿಲುಬೆಯೇ ಅರ್ಥವಾಗಿಲ್ಲ, ಸರ್ಕಾರದ ಹೆಸರಿನಲ್ಲಿ ಅದನ್ನು ಕೈವಶ ಮಾಡಿಕೊಂಡ ಹಾಗಾಗುತ್ತದೆ, ಇದರಿಂದ ಜನರ ನಡುವೆ ಒಡಕು ಹುಟ್ಟಿದೆ ಅನ್ನುವುದು ಅವರ ವಾದ. ಕೋರ್ಟು ಕೊನೆಗೆ 2023ರಲ್ಲಿ ಆದೇಶವನ್ನು ಉಳಿಸಿತು, ಅದು ಬೇರೆ ಮಾತು. ಶಿಲುಬೆಯನ್ನು ಗೋಡೆಗೆ ಹೊಡೆದವರು ರಾಜಕಾರಣಿಗಳು. ಬೇಡ ಅಂದವರಲ್ಲಿ ಕಾರ್ಡಿನಲ್ ಒಬ್ಬರು. ನನ್ನ ಮಟ್ಟಿಗೆ ಇಷ್ಟು ಸಾಕು.

ತರಗತಿಯ ಶಿಲುಬೆಯ ವಿಷಯ ಇದಕ್ಕಿಂತ ಹಳೆಯದು. 1995ರಲ್ಲಿ ಸಾಂವಿಧಾನಿಕ ನ್ಯಾಯಾಲಯ, ಪ್ರತಿ ತರಗತಿಯಲ್ಲೂ ಶಿಲುಬೆ ಇರಲೇಬೇಕು ಅನ್ನುವ ಬವೇರಿಯಾದ ನಿಯಮವನ್ನು ಹೊಡೆದುಹಾಕಿತು. ಮ್ಯೂನಿಕ್‌ನಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ರಾಜ್ಯ ಹೊಸ ಕಾನೂನು ತಂದಿತು: ಶಿಲುಬೆ ಇರುತ್ತದೆ, ಆದರೆ ತಂದೆತಾಯಿ ಗಂಭೀರ ಕಾರಣ ಕೊಟ್ಟು ಬೇಡ ಅಂದರೆ ಹೆಡ್‌ಮಾಸ್ಟರು ಮಾತಾಡಿ ದಾರಿ ಹುಡುಕಬೇಕು. ನಮ್ಮವರು ಯಾರೂ ಆಕ್ಷೇಪ ಎತ್ತಿದ್ದನ್ನು ನಾನು ಕೇಳಿಲ್ಲ. ನನಗೂ ಎತ್ತಬೇಕು ಅನ್ನಿಸಿಲ್ಲ. ಆದರೆ ಹಕ್ಕು ಇದೆ ಅಂತ ತಿಳಿದಿರಲಿ.

ಈಗ 1933ಕ್ಕೆ ಬರುತ್ತೇನೆ. ಇಲ್ಲಿನ ಮಕ್ಕಳು ಒಂಬತ್ತನೇ ಕ್ಲಾಸಿನ ಹೊತ್ತಿಗೆ ಓದುವುದು ಇದನ್ನೇ. ಮನೆಯಲ್ಲಿ ನಮಗೆ ಗೊತ್ತಿಲ್ಲದಿದ್ದರೆ ಅವರ ಜೊತೆ ಮಾತಾಡುವುದಾದರೂ ಹೇಗೆ?

ಆ ವರ್ಷದ ಜುಲೈನಲ್ಲಿ ವ್ಯಾಟಿಕನ್ ಹಿಟ್ಲರನ ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಕ್ಯಾಥೊಲಿಕ್ ಶಾಲೆಗಳಿಗೆ, ಸಂಘಗಳಿಗೆ ರಕ್ಷಣೆ ಸಿಗುತ್ತದೆ, ಬದಲಿಗೆ ಪಾದ್ರಿಗಳು ರಾಜಕೀಯದಿಂದ ದೂರ ಇರಬೇಕು. ರಕ್ಷಣೆಯ ಮಾತನ್ನು ನಾಜಿಗಳು ಉಳಿಸಿಕೊಳ್ಳಲಿಲ್ಲ. ಪ್ರೊಟೆಸ್ಟೆಂಟರ ಕಥೆ ಇನ್ನೂ ನೋವಿನದು. ಅವರಲ್ಲೇ 'ಜರ್ಮನ್ ಕ್ರೈಸ್ತರು' ಅನ್ನುವ ಬಣ ಎದ್ದಿತ್ತು. ಏಸುವನ್ನು ಒಪ್ಪುತ್ತೇವೆ, ಹಿಟ್ಲರನನ್ನೂ ಒಪ್ಪುತ್ತೇವೆ, ಯಹೂದಿ ಮೂಲದ ಪಾದ್ರಿಗಳು ಮಾತ್ರ ಬೇಡ ಅನ್ನುವವರು. ಅದೇ ಜುಲೈನ ಚರ್ಚ್ ಚುನಾವಣೆಯಲ್ಲಿ ಈ ಬಣ ಭಾರಿ ಬಹುಮತದಿಂದ ಗೆದ್ದಿತು. ಯಾರೂ ಬಂದೂಕು ಹಿಡಿದು ಮತ ಹಾಕಿಸಲಿಲ್ಲ. ಭಾನುವಾರ ಪ್ರಾರ್ಥನೆಗೆ ಬರುವ ಸಾಮಾನ್ಯ ಜನರೇ ಅವರನ್ನು ಗೆಲ್ಲಿಸಿದರು.

ಎದುರು ನಿಂತವರೂ ಇದ್ದರು. 1934ರ ಮೇ ಕೊನೆಯಲ್ಲಿ ಬಾರ್ಮೆನ್‌ನಲ್ಲಿ ಸೇರಿ, ಚರ್ಚಿಗೆ ಏಸುವಿನ ಮಾತಿಗಿಂತ ದೊಡ್ಡದು ಇನ್ನೊಂದಿಲ್ಲ, ಯಾವ ನಾಯಕನ ಮಾತೂ ಅಲ್ಲ ಅಂತ ಘೋಷಣೆ ಹೊರಡಿಸಿದರು. ಧೈರ್ಯದ ಕೆಲಸ. ಆದರೆ ಆ ಘೋಷಣೆಯಲ್ಲಿ ಯಹೂದಿಗಳ ಪರವಾಗಿ ಒಂದು ಸಾಲೂ ಇಲ್ಲ. ಈ ಗುಂಪಿನ ಮುಂದಾಳು ಮಾರ್ಟಿನ್ ನೀಮೊಲ್ಲರ್ ಮೊದಲ ಮಹಾಯುದ್ಧದಲ್ಲಿ ಸಬ್‌ಮರೀನ್ ಕಮಾಂಡರ್ ಆಗಿದ್ದವರು, ಮೊದಲಿಗೆ ನಾಜಿಗಳನ್ನು ಬೆಂಬಲಿಸಿದವರು. 1937ರಲ್ಲಿ ಅವರನ್ನೇ ಹಿಡಿದು ಹಾಕಿದರು. ಯುದ್ಧ ಮುಗಿಯುವವರೆಗೆ ಸೆರೆ, ಕೊನೆಯ ವರ್ಷಗಳು ನಮ್ಮ ಪಕ್ಕದ ಡಾಖಾವ್‌ನ ನಾಜಿ ಸೆರೆ ಕ್ಯಾಂಪಿನಲ್ಲಿ. ಡೀಟ್ರಿಖ್ ಬಾನ್‌ಹೊಫರ್ ಅನ್ನುವ ಇನ್ನೊಬ್ಬ ಪಾದ್ರಿಯನ್ನು 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯುರ್ಗ್ ಕ್ಯಾಂಪಿನಲ್ಲಿ ನೇಣಿಗೆ ಹಾಕಿದರು. ಅದೂ ಬವೇರಿಯಾದಲ್ಲೇ ಇದೆ.

ಡಾಖಾವ್‌ಗೆ ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಮಗ ಹೋಗಿ ಬಂದ ಮೇಲೆ ನಾವೂ ಅವನ ಜೊತೆ ಹೋದೆವು. ಹಳೆಯ ಬ್ಯಾರಕ್‌ಗಳು ಈಗಿಲ್ಲ, ಮತ್ತೆ ಕಟ್ಟಿದ ಎರಡನ್ನು ಬಿಟ್ಟರೆ ಅಡಿಪಾಯದ ಸಾಲು ಮಾತ್ರ ಇದೆ. ಅದರಲ್ಲಿ ಪಾದ್ರಿಗಳಿಗೇ ಅಂತ ಮೀಸಲಾಗಿದ್ದ ಬ್ಲಾಕಿನ ಜಾಗವನ್ನೂ ನೋಡಬಹುದು. ಸುಮಾರು 2,700 ಪಾದ್ರಿಗಳು, ಸನ್ಯಾಸಿಗಳು ಇಲ್ಲಿದ್ದರು. ಹೆಚ್ಚಿನವರು ಪೋಲೆಂಡಿನ ಕ್ಯಾಥೊಲಿಕ್ಕರು. ಸಾವಿರಕ್ಕೂ ಜಾಸ್ತಿ ಜನ ಅಲ್ಲೇ ಸತ್ತರು. ಕ್ಯಾಂಪಿನ ತುದಿಯಲ್ಲಿ ಕಲ್ಲಿನ ದುಂಡನೆಯ ಕ್ಯಾಥೊಲಿಕ್ ಚಾಪೆಲ್ ಇದೆ. ಅದನ್ನು 1960ರಲ್ಲಿ ಕಟ್ಟಿಸಿದ ಬಿಷಪ್ ಸ್ವತಃ ಅಲ್ಲಿ ಕೈದಿಯಾಗಿದ್ದವರು. ಪಕ್ಕದಲ್ಲಿ ಪ್ರೊಟೆಸ್ಟೆಂಟ್ ಚರ್ಚ್ ಇದೆ, ಮೆಟ್ಟಿಲಿಳಿದು ನೆಲದ ಮಟ್ಟಕ್ಕಿಂತ ಕೆಳಗೆ ಹೋಗಬೇಕು. ಗೋಡೆಗಳು ಬಾಗುತ್ತಾ ಹೋಗುತ್ತವೆ. ಕ್ಯಾಂಪ್ ಪೂರ್ತಿ ನೇರ ಗೆರೆ, ಚೌಕ ಮೂಲೆ. ಆದ್ದರಿಂದ ಈ ಚರ್ಚಿನಲ್ಲಿ ಚೌಕ ಮೂಲೆಯೇ ಬೇಡ ಅಂತ ಕಟ್ಟಿದವರು ತೀರ್ಮಾನಿಸಿದ್ದರಂತೆ. ಮಗ ಒಂದು ಪ್ರಶ್ನೆ ಕೇಳಿದ: "ಹಿಟ್ಲರನಿಗೆ ಮತ ಹಾಕಿದವರೂ ಇದೇ ಚರ್ಚಿನವರೇ, ಇಲ್ಲಿ ಸತ್ತವರೂ ಇದೇ ಚರ್ಚಿನವರೇ ಅಲ್ವಾ?" ಹೌದು ಅಂದೆ. ಅವನ ಮೇಷ್ಟರು ಕ್ಲಾಸಿನಲ್ಲಿ ಇದನ್ನು ಮುಚ್ಚಿಡದೆ ಹೇಳಿದ್ದರು. ಅದಕ್ಕೆ ನಾನು ಅವರಿಗೆ ಕೃತಜ್ಞ.

ಯುದ್ಧ ಮುಗಿದು ಐದು ತಿಂಗಳಿಗೆ, 1945ರ ಅಕ್ಟೋಬರ್‌ನಲ್ಲಿ, ಪ್ರೊಟೆಸ್ಟೆಂಟ್ ಚರ್ಚಿನ ಮುಖ್ಯಸ್ಥರು ಸ್ಟುಟ್‌ಗಾರ್ಟ್‌ನಲ್ಲಿ ತಮ್ಮ ತಪ್ಪನ್ನು ಬರವಣಿಗೆಯಲ್ಲೇ ಒಪ್ಪಿಕೊಂಡರು. ನಾವು ಇನ್ನಷ್ಟು ಧೈರ್ಯವಾಗಿ ಮಾತಾಡಬೇಕಿತ್ತು, ಮಾತಾಡಲಿಲ್ಲ ಅಂತ. ಆ ದಿನಗಳಲ್ಲಿ ಅದಕ್ಕೆ ಬೈದವರೇ ಹೆಚ್ಚು. ಇವತ್ತಿನ ಜರ್ಮನ್ ಚರ್ಚು ರಾಜಕೀಯದಲ್ಲಿ ಬಾಯಿ ಬಿಡುವುದಕ್ಕೆ ಆ ನಾಚಿಕೆ ದೊಡ್ಡ ಕಾರಣ ಅಂತ ನಾನು ನಂಬುತ್ತೇನೆ.

2024ರ ಫೆಬ್ರವರಿಯಲ್ಲಿ ಆಗ್ಸ್‌ಬುರ್ಗ್‌ನಲ್ಲಿ ಸೇರಿದ ಕ್ಯಾಥೊಲಿಕ್ ಬಿಷಪ್‌ಗಳು ಒಮ್ಮತದಿಂದ ಒಂದು ಹೇಳಿಕೆ ಕೊಟ್ಟರು. ರಕ್ತ, ಜನಾಂಗ ಅಂತ ಜನರನ್ನು ಬೇರೆ ಮಾಡುವ ರಾಷ್ಟ್ರವಾದಕ್ಕೂ ಕ್ರೈಸ್ತ ಧರ್ಮಕ್ಕೂ ಹೊಂದಿಕೆಯಾಗುವುದಿಲ್ಲ, ಹಾಗಾಗಿ ವಲಸೆಯನ್ನು ವಿರೋಧಿಸುವ ಬಲಪಂಥೀಯ ಎಎಫ್‌ಡಿ ಪಕ್ಷ ಕ್ರೈಸ್ತರು ಮತ ಹಾಕಬಹುದಾದ ಪಕ್ಷವಲ್ಲ. ಪಕ್ಷದ ಹೆಸರು ಹಿಡಿದೇ ಹೇಳಿದರು. ಪ್ರೊಟೆಸ್ಟೆಂಟ್ ಚರ್ಚೂ ದನಿಗೂಡಿಸಿತು. ಆ ಚಳಿಗಾಲ ನೆನಪಿದೆಯಾ? ವಲಸೆ ಬಂದವರನ್ನು ವಾಪಸ್ ಕಳಿಸುವ ಗುಟ್ಟಿನ ಸಭೆಯ ಸುದ್ದಿ ಬಂದು, ಊರೂರಲ್ಲಿ ಜನ ಬೀದಿಗಿಳಿದಿದ್ದರು. ಈ ಗುಂಪಿನಲ್ಲಿ ಎಷ್ಟೋ ಜನ "ನಾವು ಇಲ್ಲೇ ಇರಬೇಕಾ" ಅಂತ ಬರೆದಿದ್ದಿರಿ. ಆಗ ಈ ದೇಶದ ಅತಿ ಹಳೆಯ ಸಂಸ್ಥೆಗಳು ನಮ್ಮ ಪರ ನಿಂತವು. ಅದನ್ನು ನಾವು ಗಮನಿಸಲೇ ಇಲ್ಲ.

ಇದು ಸಿಡಿಯು, ಸಿಎಸ್‌ಯು ಪಕ್ಷಗಳಿಗೆ ಅನುಕೂಲವಾಗಲಿ ಅಂತ ಮಾಡಿದ್ದೂ ಅಲ್ಲ. 2025ರ ಜನವರಿಯಲ್ಲಿ ಆ ಪಕ್ಷಗಳು ವಲಸೆಯ ವಿಷಯದಲ್ಲಿ ಎಎಫ್‌ಡಿ ಮತಗಳ ನೆರವಿನಿಂದ ನಿರ್ಣಯ ಪಾಸು ಮಾಡಲು ಹೊರಟಾಗ, ಎರಡೂ ಚರ್ಚುಗಳ ಬರ್ಲಿನ್ ಕಚೇರಿಗಳಿಂದ ಸಂಸದರಿಗೆ ಎಚ್ಚರಿಕೆಯ ಪತ್ರ ಹೋಯಿತು. ಪಕ್ಷದವರಿಗೆ ಸಿಟ್ಟು ಬಂತು. ಏಪ್ರಿಲ್‌ನಲ್ಲಿ ಸಂಸತ್ತಿನ ಅಧ್ಯಕ್ಷೆ ಯೂಲಿಯಾ ಕ್ಲೋಕ್ನರ್, ಚರ್ಚುಗಳು ದಿನನಿತ್ಯದ ರಾಜಕೀಯಕ್ಕೆಲ್ಲಾ ಹೇಳಿಕೆ ಕೊಡುತ್ತಾ ಹೋದರೆ ಇತರ ಎನ್‌ಜಿಒಗಳ ಹಾಗೇ ಆಗಿಬಿಡುತ್ತವೆ ಅಂದರು. ಅದರ ಮೇಲೂ ಚರ್ಚೆ ಎದ್ದಿತು. ಚರ್ಚಿನವರು ಹೆದ್ದಾರಿಯ ಸ್ಪೀಡ್ ಲಿಮಿಟ್ ಬಗ್ಗೆ ಮಾತಾಡದಿದ್ದರೂ ನಡೆಯುತ್ತೆ. ಮನುಷ್ಯರನ್ನು ಯಾವ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಅನ್ನುವ ವಿಷಯದಲ್ಲಿ ಸುಮ್ಮನಿರಬಾರದು. ಒಮ್ಮೆ ಸುಮ್ಮನಿದ್ದು ಏನಾಯಿತು ಅಂತ ಅವರಿಗೇ ಚೆನ್ನಾಗಿ ಗೊತ್ತು.

ಗಡೀಪಾರಿನ ಭಯ ಇರುವವರಿಗೆ ಚರ್ಚಿನೊಳಗೆ ಆಸರೆ ಕೊಡುವ ಪದ್ಧತಿಯೂ ಇದೆ. 1983ರಲ್ಲಿ ಬರ್ಲಿನ್‌ನ ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಶುರುವಾಗಿದ್ದು. ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲ. ಆದರೂ ಸಾಮಾನ್ಯವಾಗಿ ಪೊಲೀಸರು ಒಳಗೆ ನುಗ್ಗುವುದಿಲ್ಲ.

ಹಾಗಂತ ಚರ್ಚಿಗೆ ಹೋಗುವವರೆಲ್ಲಾ ನಮ್ಮ ಪರ ಅಂತ ನಾನು ಹೇಳುತ್ತಿಲ್ಲ. ಬಿಷಪ್‌ಗಳು ಏನೇ ಹೇಳಿದರೂ ಎಎಫ್‌ಡಿಗೆ ಮತ ಹಾಕುವ ಕ್ರೈಸ್ತರು ಇದ್ದಾರೆ. ಎರಡು ದೊಡ್ಡ ಚರ್ಚುಗಳ ಸದಸ್ಯರೂ ಈಗ ದೇಶದ ಅರ್ಧಕ್ಕಿಂತ ಕಡಿಮೆ. ಅವುಗಳ ಮಾತಿಗೆ ಮೊದಲಿನ ತೂಕ ಇಲ್ಲ.

ಹಿಂದೆ ಪೂರ್ವ ಜರ್ಮನಿಯಾಗಿದ್ದ ಲೈಪ್ಸಿಗ್, ಡ್ರೆಸ್ಡೆನ್ ಕಡೆ ಇರುವವರಿಗೆ ಚಿತ್ರವೇ ಬೇರೆ. ಕಮ್ಯುನಿಸ್ಟ್ ಕಾಲದಲ್ಲಿ ಚರ್ಚಿಗೆ ಹೋಗುವ ಮನೆಯ ಮಕ್ಕಳಿಗೆ ಕಾಲೇಜು ಸೀಟು ತಪ್ಪುತ್ತಿತ್ತು. ಅದೇ ಲೈಪ್ಸಿಗ್‌ನ ನಿಕೊಲಾಯ್ ಚರ್ಚಿನಲ್ಲಿ ಸೋಮವಾರ ಸಂಜೆ ಐದಕ್ಕೆ ಶಾಂತಿ ಪ್ರಾರ್ಥನೆ ನಡೆಯುತ್ತಿತ್ತು. 1989ರ ಅಕ್ಟೋಬರ್ 9ರಂದು ಪ್ರಾರ್ಥನೆ ಮುಗಿದ ಮೇಲೆ ಸುಮಾರು 70,000 ಜನ ಬೀದಿಯಲ್ಲಿ ನಡೆದರು. ಗುಂಡು ಹಾರಲಿಲ್ಲ. ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು. ಮುಂದೆ ಚಾನ್ಸಲರ್ ಆದ ಆಂಗೆಲಾ ಮೆರ್ಕೆಲ್ ಪೂರ್ವದಲ್ಲಿ ಬೆಳೆದ ಪಾದ್ರಿಯ ಮಗಳು ಅನ್ನುವುದೂ ಇದೇ ಕಥೆಯ ಭಾಗ.

ನಮ್ಮ ಕಡೆಯದೂ ಒಂದು ಎಳೆ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನಲ್ಲಿ ಸ್ಟುಟ್‌ಗಾರ್ಟ್ ಸೀಮೆಯ ಜರ್ಮನ್ನರು ಬಹಳ ಇದ್ದರು. ಮಂಗಳೂರು ಸಮಾಚಾರ ಪತ್ರಿಕೆ ತಂದ ಮೊಗ್ಲಿಂಗ್, ನಿಘಂಟಿನ ಕಿಟೆಲ್ ಎಲ್ಲರಿಗೂ ಗೊತ್ತು. 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದವರೂ ಇವರೇ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಅಲ್ಲಿದ್ದ ಜರ್ಮನ್ ಪಾದ್ರಿಗಳನ್ನು ಶತ್ರು ದೇಶದವರು ಅಂತ ಬಂಧಿಸಿ ಕಳಿಸಿದರು, ಕಾರ್ಖಾನೆಗಳನ್ನು ಕಿತ್ತುಕೊಂಡರು. ಅಜ್ಜಿ ಮನೆಯ ಹೆಂಚು ತೋರಿಸಿ ಮಕ್ಕಳಿಗೆ ಇದನ್ನು ಹೇಳಿ, ಕಿವಿಗೊಟ್ಟು ಕೇಳುತ್ತಾರೆ.

ಇನ್ನು ಕೆಲಸಕ್ಕೆ ಬರುವ ಮಾತು. ಚರ್ಚ್ ಕಿಂಡರ್‌ಗಾರ್ಟನ್‌ಗಳ ಖರ್ಚಿನ ದೊಡ್ಡ ಪಾಲು ಬರುವುದು ಸರ್ಕಾರ, ನಗರಸಭೆಗಳಿಂದ. ಅಂದರೆ ನಿಮ್ಮ ತೆರಿಗೆಯೂ ಅದರಲ್ಲಿದೆ, ಸಂಕೋಚ ಬೇಡ. ಊಟಕ್ಕೆ ಮೊದಲು ಚಿಕ್ಕ ಪ್ರಾರ್ಥನೆ ಇರಬಹುದು, ಕ್ರಿಸ್‌ಮಸ್ ನಾಟಕ ಇರುತ್ತದೆ, ನವೆಂಬರ್‌ನಲ್ಲಿ ಸಂತ ಮಾರ್ಟಿನ್‌ನ ಲಾಟೀನು ಮೆರವಣಿಗೆ. ಬಡವನಿಗೆ ತನ್ನ ನಿಲುವಂಗಿ ಕತ್ತರಿಸಿ ಕೊಟ್ಟವನ ಕಥೆ ಅದು. ನನ್ನ ಮಕ್ಕಳಿಗೆ ಬಹಳ ಇಷ್ಟದ ಹಬ್ಬ. ಸೇರಿಸುವ ಮೊದಲು ಮುಖ್ಯಸ್ಥೆಯನ್ನು ಭೇಟಿಯಾಗಿ ನೇರವಾಗಿ ಕೇಳಿ: ಪ್ರಾರ್ಥನೆ ಕಡ್ಡಾಯವಾ, ಮಾಂಸ ತಿನ್ನದ ಮಕ್ಕಳಿಗೆ ಏನು ಕೊಡುತ್ತೀರಿ, ದೀಪಾವಳಿ ಬಗ್ಗೆ ಮಾತಾಡಲು ನಮ್ಮನ್ನು ಕರೆಯುತ್ತೀರಾ? ಅವರು ಉತ್ತರ ಕೊಡುವ ರೀತಿಯಲ್ಲೇ ಆ ಜಾಗ ಹೇಗಿದೆ ಅಂತ ಗೊತ್ತಾಗುತ್ತದೆ.

ಶಾಲೆಗೆ ಬಂದ ಮೇಲೆ ಧರ್ಮದ ಕ್ಲಾಸು ಸಂವಿಧಾನದ ಪ್ರಕಾರವೇ ಪಠ್ಯದ ಭಾಗ. ಅದಕ್ಕೆ ಹೋಗಬೇಕಾ ಬೇಡವಾ ಅನ್ನುವುದು ತಂದೆತಾಯಿಯ ತೀರ್ಮಾನ. ಬವೇರಿಯಾದಲ್ಲಿ ಹೋಗದ ಮಕ್ಕಳಿಗೆ ಎಥಿಕ್ (ನೀತಿಪಾಠ) ಕ್ಲಾಸು. ನನ್ನ ಮಕ್ಕಳು ಎಥಿಕ್‌ಗೆ ಹೋಗುತ್ತಾರೆ, ತೊಂದರೆ ಆಗಿಲ್ಲ. 14 ತುಂಬಿದ ಮೇಲೆ ತಮ್ಮ ಧರ್ಮ ಯಾವುದು ಅಂತ ಮಕ್ಕಳೇ ತೀರ್ಮಾನಿಸಬಹುದು. 1921ರಿಂದಲೇ ಈ ಕಾನೂನಿದೆ.

ಗುಂಪಿನ ಕ್ರೈಸ್ತ ಕುಟುಂಬಗಳಿಗೆ ಒಂದು ಮಾತು. ವಿಳಾಸ ನೋಂದಾಯಿಸುವಾಗ ಕ್ಯಾಥೊಲಿಕ್ ಅಥವಾ ಇವಾಂಗೆಲಿಷ್ (ಪ್ರೊಟೆಸ್ಟೆಂಟ್) ಅಂತ ಬರೆದರೆ ಚರ್ಚ್ ತೆರಿಗೆ ಶುರುವಾಗುತ್ತದೆ. ಬವೇರಿಯಾ, ಬಾಡೆನ್ ವ್ಯುರ್ಟೆಂಬೆರ್ಗ್‌ನಲ್ಲಿ ಆದಾಯ ತೆರಿಗೆಯ 8%, ಉಳಿದ ರಾಜ್ಯಗಳಲ್ಲಿ 9%. ಸಂಬಳದ ಮೇಲಲ್ಲ, ಕಟ್ಟುವ ತೆರಿಗೆಯ ಮೇಲೆ. ಉಳಿದವರಿಗೆ ಇದು ಅನ್ವಯಿಸುವುದಿಲ್ಲ, ಮಗು ಚರ್ಚ್ ಕಿಂಡರ್‌ಗಾರ್ಟನ್‌ಗೆ ಹೋದರೂ ಅನ್ವಯಿಸುವುದಿಲ್ಲ.

ಪ್ರಶ್ನೆ ಕೇಳಿದ ತಾಯಿಗೆ: ಜಾಗ ಸಿಕ್ಕಿದೆ, ಸೇರಿಸಿ. ಮ್ಯೂನಿಕ್‌ನಲ್ಲಿ ಮುಂದಿನ ವರ್ಷ ಬೇರೆ ಕಡೆ ಸಿಗುತ್ತೆ ಅಂತ ಕಾಯುವುದು ಕಷ್ಟ. ಪೂರ್ವದ ರಾಜ್ಯಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರು ಅಲ್ಲಿನ ಚರ್ಚ್ ಶಾಲೆಗಳ ಅನುಭವ ಬರೆದರೆ ಒಳ್ಳೆಯದು. ಬಾಡಿಗೆ ಕಡಿಮೆ ಅಂತ ಆ ಕಡೆ ಹೋಗಲು ಯೋಚಿಸುತ್ತಿರುವ ಮನೆಗಳು ಈ ಗುಂಪಿನಲ್ಲಿ ಇವೆ.